ಸುದ್ದಿ ಮತ್ತು ಕ್ರೀಡಾ ವಾಹಿನಿಗಳ ವ್ಯಾಪಾರ ಭವಿಷ್ಯ: ಜಾಹೀರಾತಿಗೆ ಹಣ ಕಟ್ಟುವ ಮುನ್ನ ನೋಡಬೇಕಾದ ಲೆಕ್ಕ

ಕಂಟೋನ್ಮೆಂಟ್ ಭಾಗದಲ್ಲಿರುವ ನನ್ನ ಕಚೇರಿಗೆ ಇತ್ತೀಚೆಗೆ ಕೌಲ್ ಬಜಾರಿನ ಜೀನ್ಸ್ ತಯಾರಕರೊಬ್ಬರು ಬಂದಿದ್ದರು. ಅವರ ಕೈಯಲ್ಲಿ ಎರಡು ಪ್ರಸ್ತಾವನೆಗಳಿದ್ದವು. ಒಂದು, ಕನ್ನಡ ಸುದ್ದಿ ವಾಹಿನಿಯೊಂದರದು: ಇಡೀ ವರ್ಷದ ಜಾಹೀರಾತಿಗೆ 10 ಲಕ್ಷ ರೂಪಾಯಿಯನ್ನು ಮುಂಗಡವಾಗಿ ಕಟ್ಟಿದರೆ ದರದಲ್ಲಿ ಗಣನೀಯ ರಿಯಾಯಿತಿ. ಇನ್ನೊಂದು, ಕ್ರಿಕೆಟ್ ಋತುವಿನಲ್ಲಿ ಮೊಬೈಲ್ ಹಾಗೂ ಅಂತರ್ಜಾಲದ ಪ್ರಸಾರದಲ್ಲಿ ಬಳ್ಳಾರಿ ಸುತ್ತಲಿನ ವೀಕ್ಷಕರಿಗಷ್ಟೇ ಕಾಣುವಂತೆ ಜಾಹೀರಾತು. ಅವರು ಕೇಳಿದ ಪ್ರಶ್ನೆ ದರದ ಕುರಿತಾಗಿರಲಿಲ್ಲ. "ಸಾರ್, ದುಡ್ಡು ಕಟ್ಟುತ್ತೇನೆ. ಆದರೆ ಈ ಕಂಪನಿ ಮುಂದಿನ ವರ್ಷದವರೆಗೆ ಇರುತ್ತದೆಯೇ?" ಎಂದು ಕೇಳಿದರು.

ಪ್ರಶ್ನೆ ಅತ್ಯಂತ ಸಮಂಜಸವಾದದ್ದು. ಕೆಲವು ವರ್ಷಗಳ ಹಿಂದೆ ನನ್ನ ಇನ್ನೊಬ್ಬ ಕಕ್ಷಿದಾರರು ಇದೇ ರೀತಿ ಒಂದು ವರ್ಷದ ಹಣವನ್ನು ವಾಹಿನಿಯೊಂದಕ್ಕೆ ಮುಂಗಡವಾಗಿ ಕಟ್ಟಿದ್ದರು. ನಾಲ್ಕು ತಿಂಗಳು ಕಳೆಯುವಷ್ಟರಲ್ಲಿ ಪ್ರಸಾರ ನಿಂತಿತು. ಉಳಿದ ಎಂಟು ತಿಂಗಳ ಹಣ ಇಂದಿಗೂ ಬಂದಿಲ್ಲ. ಆ ವಾಹಿನಿಯ ಹೆಸರು ಇಲ್ಲಿ ಅನಗತ್ಯ. ಆದರೆ ಸುದ್ದಿ ಮತ್ತು ಕ್ರೀಡಾ ಪ್ರಸಾರ ಮಾಡುವ ಕಂಪನಿಯು ಹೇಗೆ ಗಳಿಸುತ್ತದೆ, ಎಲ್ಲಿ ಕಳೆದುಕೊಳ್ಳುತ್ತದೆ, ಮುಂದಿನ ದಿನಗಳಲ್ಲಿ ಅದರ ಸ್ಥಿತಿ ಏನಾಗಬಹುದು ಎಂಬುದನ್ನು ನಮ್ಮ ವರ್ತಕರೂ ಸಣ್ಣ ಉದ್ಯಮಿಗಳೂ ತಿಳಿದಿರುವುದು ಅವಶ್ಯಕ. ಏಕೆಂದರೆ ಮುಂಗಡ ಹಣ ಕಟ್ಟಿದ ಕ್ಷಣದಿಂದ ನಾವು ಆ ಕಂಪನಿಯ ಗ್ರಾಹಕರಷ್ಟೇ ಅಲ್ಲ, ಭದ್ರತೆ ಇಲ್ಲದೆ ಸಾಲ ಕೊಟ್ಟ ಧನಿಗಳೂ ಆಗುತ್ತೇವೆ.

ಕೆಡುವ ಸರಕಿನ ವ್ಯಾಪಾರ

ಸಿರುಗುಪ್ಪದ ಅಕ್ಕಿ ಗಿರಣಿಯಲ್ಲಿ ಇಂದು ಮಾರಾಟವಾಗದ ಚೀಲವನ್ನು ನಾಳೆ ಮಾರಬಹುದು. ಬೆಲೆ ಬರುವವರೆಗೆ ಗೋದಾಮಿನಲ್ಲಿ ಇಡಬಹುದು, ಬೇಕಾದರೆ ಅದರ ಮೇಲೆ ಬ್ಯಾಂಕ್ ಸಾಲವನ್ನೂ ಪಡೆಯಬಹುದು. ವಾಹಿನಿಯ ಸರಕು ಹಾಗಲ್ಲ. ಅದು ಮಾರುವುದು ಸಮಯವನ್ನು. ರಾತ್ರಿ ಒಂಬತ್ತರ ವಾರ್ತೆಯಲ್ಲಿ ಮಾರಾಟವಾಗದ ಹತ್ತು ಸೆಕೆಂಡು ಒಂಬತ್ತೂವರೆಗೆ ಶೂನ್ಯ. ದಾಸ್ತಾನು ಎಂಬುದೇ ಇಲ್ಲ.

ಮಾರಬಹುದಾದ ಸಮಯಕ್ಕೂ ಮಿತಿಯಿದೆ. ಕೇಬಲ್ ಟೆಲಿವಿಷನ್ ಜಾಲಗಳ ನಿಯಮ 1994ರ ಪ್ರಕಾರ ಒಂದು ಗಂಟೆಯಲ್ಲಿ ಜಾಹೀರಾತಿಗೆ 12 ನಿಮಿಷ ಮೀರುವಂತಿಲ್ಲ. ಅದರಲ್ಲಿ ವಾಣಿಜ್ಯ ಜಾಹೀರಾತಿಗೆ 10 ನಿಮಿಷ, ವಾಹಿನಿಯ ಸ್ವಂತ ಪ್ರಚಾರಕ್ಕೆ 2 ನಿಮಿಷ. ಇದನ್ನು ಕಟ್ಟುನಿಟ್ಟಾಗಿ ಜಾರಿಗೊಳಿಸಲು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, 2013ರಲ್ಲಿ ಮುಂದಾದಾಗ ಸುದ್ದಿ ವಾಹಿನಿಗಳು ದೆಹಲಿ ಉಚ್ಚ ನ್ಯಾಯಾಲಯದ ಮೊರೆ ಹೋದವು. ಜಾಹೀರಾತೊಂದನ್ನೇ ನಂಬಿದವರಿಗೆ ಈ ಮಿತಿ ಎಷ್ಟು ಬಿಗಿ ಎಂಬುದು ಇದರಿಂದಲೇ ತಿಳಿಯುತ್ತದೆ.

ಒಂದು ಕಾಲ್ಪನಿಕ ಲೆಕ್ಕ ನೋಡೋಣ. ವರ್ಷಕ್ಕೆ 24 ಕೋಟಿ ರೂ. ವೆಚ್ಚವಿರುವ ಸುದ್ದಿ ವಾಹಿನಿಯೊಂದಿದೆ ಎಂದಿಟ್ಟುಕೊಳ್ಳಿ. ಗಂಟೆಗೆ 10 ನಿಮಿಷವೆಂದರೆ ಹತ್ತು ಸೆಕೆಂಡಿನ 60 ಅವಧಿಗಳು, ದಿನಕ್ಕೆ 1,440, ವರ್ಷಕ್ಕೆ 5,25,600. ಎಲ್ಲವೂ ಮಾರಾಟವಾದರೆ ಒಂದು ಅವಧಿಯ ಅಸಲು ಸುಮಾರು 457 ರೂ. ಮೂರನೆಯ ಒಂದು ಭಾಗ ಮಾತ್ರ ಮಾರಾಟವಾದರೆ ಅದೇ ಅಸಲು ಸುಮಾರು 1,370 ರೂ. ಪತ್ರಕರ್ತರ ಸಂಬಳ, ಸ್ಟುಡಿಯೋ ಬಾಡಿಗೆ, ಉಪಗ್ರಹ ಶುಲ್ಕ, ವಾಹನ, ವಿದ್ಯುತ್ ಇವೆಲ್ಲವೂ ಸ್ಥಿರ ವೆಚ್ಚಗಳು. ಮಾರಾಟ ಕುಗ್ಗಿತೆಂದು ಇವು ಕುಗ್ಗುವುದಿಲ್ಲ. ಆದುದರಿಂದಲೇ ಇಂತಹ ವ್ಯವಹಾರದಲ್ಲಿ ಲಾಭ ಬಂದಾಗ ವೇಗವಾಗಿ ಬರುತ್ತದೆ, ನಷ್ಟವೂ ಅಷ್ಟೇ ವೇಗವಾಗಿ ಬರುತ್ತದೆ. ಮುಂಗಡಕ್ಕೆ ದೊಡ್ಡ ರಿಯಾಯಿತಿ ನೀಡುವ ವಾಹಿನಿಯು ಖಾಲಿ ಉಳಿಯುವ ಅವಧಿಗಳನ್ನು ಮಾರುತ್ತಿರಬಹುದು, ಅಥವಾ ಮುಂದಿನ ತಿಂಗಳ ಸಂಬಳಕ್ಕೆ ಹಣ ಹೊಂದಿಸುತ್ತಿರಬಹುದು. ಎರಡನ್ನೂ ಬೇರ್ಪಡಿಸಿ ನೋಡುವುದು ನಮ್ಮ ಕೆಲಸ.

ಚಂದಾ ಹಣ ಯಾರಿಗೆ ಸೇರುತ್ತದೆ?

ವಾಹಿನಿಯ ಎರಡನೆಯ ಆದಾಯ ಮೂಲ ಚಂದಾ. ಟ್ರಾಯ್ 2017ರಲ್ಲಿ ಪ್ರಕಟಿಸಿದ ಹೊಸ ದರ ವ್ಯವಸ್ಥೆ 2019ರ ಫೆಬ್ರವರಿ 1ರಿಂದ ಜಾರಿಗೆ ಬಂದಿತು. ಅದರಂತೆ ಪ್ರತಿಯೊಂದು ವಾಹಿನಿಯೂ ತನ್ನ ಗರಿಷ್ಠ ಚಿಲ್ಲರೆ ಬೆಲೆಯನ್ನು ಘೋಷಿಸಬೇಕು, ವೀಕ್ಷಕನು ಬೇಕಾದುದನ್ನು ಆರಿಸಿಕೊಳ್ಳಬೇಕು. ಬೆಲೆಯಲ್ಲಿ ಕನಿಷ್ಠ 20 ಶೇಕಡಾ ಪಾಲು ಕೇಬಲ್ ಅಥವಾ ಡಿಟಿಎಚ್ ವಿತರಕರಿಗೆ ಹೋಗುತ್ತದೆ.

ಕ್ರೀಡಾ ವಾಹಿನಿಗಳು ಬೆಲೆ ನಿಗದಿಪಡಿಸಿ ಚಂದಾ ಪಡೆಯಬಲ್ಲವು, ಏಕೆಂದರೆ ಪಂದ್ಯವು ಬೇರೆ ವಾಹಿನಿಯಲ್ಲಿ ಸಿಗದು. ಕನ್ನಡ ಸುದ್ದಿ ವಾಹಿನಿಗಳಲ್ಲಿ ಹೆಚ್ಚಿನವು ಉಚಿತ ವಾಹಿನಿಗಳು. ಒಂದು ವಾಹಿನಿಯ ಸುದ್ದಿ ಐದು ನಿಮಿಷದಲ್ಲಿ ಎಲ್ಲ ವಾಹಿನಿಗಳಲ್ಲೂ ಬರುವಾಗ ಬೆಲೆ ಇಟ್ಟವನನ್ನು ವೀಕ್ಷಕ ಕೈಬಿಡುತ್ತಾನೆ. ಸುದ್ದಿ ವಾಹಿನಿಗೆ ಚಂದಾ ಬಾರದಿರುವುದಷ್ಟೇ ಅಲ್ಲ, ತನ್ನನ್ನು ಮನೆಮನೆಗೆ ಒಯ್ಯುವುದಕ್ಕಾಗಿ ವಿತರಕನಿಗೆ ತಾನೇ ಕ್ಯಾರೇಜ್ ಶುಲ್ಕ ಕೊಡಬೇಕಾಗಬಹುದು. ಸುಮಾರು ನೂರು ವಾಹಿನಿಗಳಿಗಷ್ಟೇ ಸ್ಥಳವಿದ್ದ ಹಳೆಯ ಅನಲಾಗ್ ಕೇಬಲ್ ಕಾಲದಲ್ಲಿ ಈ ಶುಲ್ಕ ಚೌಕಾಸಿಗೆ ಬಿಟ್ಟ ವಿಷಯವಾಗಿತ್ತು. 2012ರಿಂದ ನಾಲ್ಕು ಹಂತಗಳಲ್ಲಿ ಕೇಬಲ್ ಜಾಲ ಡಿಜಿಟಲ್ ಆಯಿತು. 2017ರ ನಿಯಮವು ಸಾಮಾನ್ಯ ವಾಹಿನಿಯ ಕ್ಯಾರೇಜ್ ಶುಲ್ಕಕ್ಕೆ ತಿಂಗಳಿಗೆ ಚಂದಾದಾರನೊಬ್ಬನಿಗೆ 20 ಪೈಸೆಯ ಮಿತಿ ಹಾಕಿತು. ಆದರೂ ಸರಕು ತಯಾರಿಸುವವನೇ ಅಂಗಡಿಯ ಕಪಾಟಿಗೆ ಬಾಡಿಗೆ ಕೊಡುವ ಪದ್ಧತಿ ಸಂಪೂರ್ಣ ತೊಲಗಿಲ್ಲ.

ಇನ್ನೊಂದೆಡೆ ಚಂದಾದಾರರ ಸಂಖ್ಯೆಯೇ ಇಳಿಯುತ್ತಿದೆ. 2020ರ ಕೊನೆಯಲ್ಲಿ ದೇಶದಲ್ಲಿ ಸುಮಾರು 7 ಕೋಟಿ ಸಕ್ರಿಯ ಡಿಟಿಎಚ್ ಚಂದಾದಾರರಿದ್ದರು. 2025ರ ಮಾರ್ಚ್ ವೇಳೆಗೆ ಅದು ಸುಮಾರು 5.7 ಕೋಟಿಗೆ ಇಳಿಯಿತು. ಒಂದು ಭಾಗ ದೂರದರ್ಶನದ ಉಚಿತ ಡಿಡಿ ಫ್ರೀ ಡಿಶ್ ಕಡೆಗೆ, ಇನ್ನೊಂದು ಭಾಗ ಮೊಬೈಲ್ ಹಾಗೂ ಅಂತರ್ಜಾಲ ಸಂಪರ್ಕದ ಟಿ.ವಿ.ಯ ಕಡೆಗೆ ಸರಿದಿದೆ. ನಮ್ಮ ಸದಸ್ಯರಲ್ಲಿರುವ ಕೇಬಲ್ ಆಪರೇಟರುಗಳಿಗೆ ಈ ಅಂಕಿಗಳ ಅರ್ಥವನ್ನು ಬೇರೆಯಾಗಿ ವಿವರಿಸಬೇಕಾಗಿಲ್ಲ.

ಕನ್ನಡ ಸುದ್ದಿ ವಾಹಿನಿಗಳ ಅನುಭವ

ಕನ್ನಡದಲ್ಲಿ ಇಪ್ಪತ್ನಾಲ್ಕು ಗಂಟೆಯ ಸುದ್ದಿಯ ವ್ಯಾಪಾರ ವಿಸ್ತಾರಗೊಂಡದ್ದು 2006ರಲ್ಲಿ ಟಿವಿ9 ಕನ್ನಡ ಬಂದ ಬಳಿಕ. 2008ರಲ್ಲಿ ಸುವರ್ಣ ನ್ಯೂಸ್, 2012ರಲ್ಲಿ ಎಚ್.ಆರ್. ರಂಗನಾಥ್ ಅವರ ಪಬ್ಲಿಕ್ ಟಿವಿ, 2017ರಲ್ಲಿ ವಿಆರ್‌ಎಲ್ ಸಮೂಹದ ದಿಗ್ವಿಜಯ ನ್ಯೂಸ್ ಬಂದವು. ಅನಂತರವೂ ಹೊಸ ಹೆಸರುಗಳು ಸೇರುತ್ತಲೇ ಹೋದವು. ಒಂದೇ ಭಾಷೆಯ ಜಾಹೀರಾತಿನ ರೊಟ್ಟಿಯನ್ನು ಹತ್ತಕ್ಕೂ ಹೆಚ್ಚು ಮಂದಿ ಹಂಚಿಕೊಳ್ಳುವ ಸ್ಥಿತಿ ಇದು.

ಇಲ್ಲಿ ಎರಡು ಉದಾಹರಣೆಗಳನ್ನು ಗಮನಿಸಬೇಕು. ಮೊದಲನೆಯದು ನಮ್ಮ ಊರಿಗೇ ಸಂಬಂಧಿಸಿದ್ದು. ಬಳ್ಳಾರಿಯ ಗಣಿ ಉದ್ಯಮಿ ಹಾಗೂ ಆಗಿನ ರಾಜಕೀಯ ಮುಖಂಡ ಜಿ. ಜನಾರ್ದನ ರೆಡ್ಡಿ ಅವರ ಬೆಂಬಲದೊಂದಿಗೆ ಜನಶ್ರೀ ಸುದ್ದಿ ವಾಹಿನಿ 2011ರಲ್ಲಿ ಪ್ರಸಾರಕ್ಕೆ ಬಂದಿತು. ಅದೇ ವರ್ಷದ ಜುಲೈ 29ರಂದು ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿ ಜಿಲ್ಲೆಯಲ್ಲಿ ಗಣಿಗಾರಿಕೆಯನ್ನು ನಿಲ್ಲಿಸಿತು. ಆಗಸ್ಟ್‌ನಲ್ಲಿ ಚಿತ್ರದುರ್ಗ ಹಾಗೂ ತುಮಕೂರು ಜಿಲ್ಲೆಗಳಿಗೂ ಆ ಆದೇಶ ವಿಸ್ತರಿಸಿತು. ಆ ದಿನಗಳಲ್ಲಿ ಲಾರಿ ಮಾಲೀಕರು, ಟೈರ್ ವ್ಯಾಪಾರಿಗಳು, ಹೋಟೆಲಿನವರು ಪಟ್ಟ ಪಾಡು ನಮ್ಮೆಲ್ಲರ ನೆನಪಿನಲ್ಲಿದೆ. ರಾಜಕೀಯ ವಿಚಾರ ಇಲ್ಲಿ ಬೇಡ. ಲೆಕ್ಕದ ಪಾಠ ಮಾತ್ರ ಮುಖ್ಯ. ಮಾಲೀಕನ ಮತ್ತೊಂದು ಉದ್ಯಮದ ಬಲದ ಮೇಲೆ ನಿಂತ ವಾಹಿನಿಯನ್ನು ನೋಡುವಾಗ ಆ ಇನ್ನೊಂದು ಉದ್ಯಮದ ಅಪಾಯವನ್ನೂ ವಾಹಿನಿಯ ಅಪಾಯಕ್ಕೆ ಕೂಡಿಸಿಕೊಳ್ಳಬೇಕು. ಅದು ಗಣಿಯಿರಲಿ, ಭೂವ್ಯವಹಾರವಿರಲಿ, ಶಿಕ್ಷಣ ಸಂಸ್ಥೆಯಿರಲಿ.

ಎರಡನೆಯದು ಉದಯ ನ್ಯೂಸ್. ಇದರ ಹಿಂದೆ ಇದ್ದದ್ದು ಲಾಭದಲ್ಲಿರುವ, ಷೇರುಪೇಟೆಯಲ್ಲಿ ನೋಂದಾಯಿತವಾದ ಸನ್ ಸಮೂಹ. ಆದರೂ 2017ರಲ್ಲಿ ಆ ವಾಹಿನಿ ಮುಚ್ಚಿತು. ಸಮೂಹದ ಮನರಂಜನಾ ವಾಹಿನಿ ಉದಯ ಟಿವಿ ಮುಂದುವರಿಯಿತು. ಶ್ರೀಮಂತ ಮಾಲೀಕನಿದ್ದ ಮಾತ್ರಕ್ಕೆ ವಾಹಿನಿ ಉಳಿಯುತ್ತದೆಂಬ ಭರವಸೆಯಿಲ್ಲ. ಶಿಸ್ತಿನ ಮಾಲೀಕನು ನಷ್ಟದ ವಿಭಾಗವನ್ನು ಬೇಗನೆ ಮುಚ್ಚುತ್ತಾನೆ.

ವೀಕ್ಷಕರ ಸಂಖ್ಯೆಯ ಅಳತೆಯೂ ಸದಾ ಭದ್ರವಾಗಿ ನಿಂತಿಲ್ಲ. ಟಿಆರ್‌ಪಿ ಹಗರಣದ ಆರೋಪಗಳ ಬಳಿಕ 2020ರ ಅಕ್ಟೋಬರ್‌ನಲ್ಲಿ ಬಾರ್ಕ್ ಸಂಸ್ಥೆಯು ಸುದ್ದಿ ವಾಹಿನಿಗಳ ರೇಟಿಂಗ್ ಪ್ರಕಟಣೆಯನ್ನು ನಿಲ್ಲಿಸಿತು. ಮತ್ತೆ ಆರಂಭವಾದದ್ದು 2022ರ ಮಾರ್ಚ್‌ನಲ್ಲಿ. ಸುಮಾರು ಒಂದೂವರೆ ವರ್ಷ ಜಾಹೀರಾತುದಾರರು ತೂಕದ ಯಂತ್ರವಿಲ್ಲದೆ ಸರಕು ಕೊಂಡಂತಾಯಿತು.

ಕ್ರೀಡಾ ಹಕ್ಕಿನ ಲೆಕ್ಕ

ಸುದ್ದಿಗೆ ಕಚ್ಚಾ ವಸ್ತು ಅಗ್ಗ, ತಯಾರಿಕೆ ದುಬಾರಿ. ಕ್ರೀಡೆಯಲ್ಲಿ ಇದು ತಿರುಗುಮುರುಗು. ಅಲ್ಲಿ ಪ್ರಸಾರದ ಹಕ್ಕೇ ಮುಖ್ಯ ವೆಚ್ಚ, ಅದನ್ನು ಹರಾಜಿನಲ್ಲಿ ಕೊಳ್ಳಬೇಕು.

ಐಪಿಎಲ್ ಪಂದ್ಯಾವಳಿಯ 2018ರಿಂದ 2022ರವರೆಗಿನ ಹಕ್ಕನ್ನು ಸ್ಟಾರ್ ಇಂಡಿಯಾ 16,347.50 ಕೋಟಿ ರೂ.ಗೆ ಕೊಂಡಿತ್ತು. 2023ರಿಂದ 2027ರವರೆಗಿನ ಹಕ್ಕು 2022ರ ಜೂನ್ ಹರಾಜಿನಲ್ಲಿ ಒಟ್ಟು 48,390 ಕೋಟಿ ರೂ.ಗೆ ಹೋಯಿತು, ಅಂದರೆ ಹೆಚ್ಚುಕಡಿಮೆ ಮೂರು ಪಟ್ಟು. ಭಾರತದ ಟಿ.ವಿ. ಹಕ್ಕು 23,575 ಕೋಟಿ ರೂ.ಗೆ ಡಿಸ್ನಿ ಸ್ಟಾರ್ ಪಾಲಾಯಿತು. ಡಿಜಿಟಲ್ ಹಕ್ಕು 20,500 ಕೋಟಿ ರೂ.ಗೆ ವಯಾಕಾಮ್18 ಪಾಲಾಯಿತು. ಹರಾಜಿನ 410 ಪಂದ್ಯಗಳ ಲೆಕ್ಕದಂತೆ ಟಿ.ವಿ.ಗೆ ಪಂದ್ಯವೊಂದಕ್ಕೆ 57.5 ಕೋಟಿ, ಡಿಜಿಟಲ್‌ಗೆ 50 ಕೋಟಿ ರೂ.

ಇದನ್ನು ನಮ್ಮ ಅಂಗಡಿಯ ಲೆಕ್ಕಕ್ಕೆ ಇಳಿಸೋಣ. ಒಂದು ಪಂದ್ಯದಲ್ಲಿ 2,400 ಸೆಕೆಂಡು ಜಾಹೀರಾತು ಸಿಗುತ್ತದೆಂದು ಲೆಕ್ಕಕ್ಕಾಗಿ ಊಹಿಸಿದರೆ ಹತ್ತು ಸೆಕೆಂಡಿನ 240 ಅವಧಿಗಳಾಗುತ್ತವೆ. ಹಕ್ಕಿನ ಹಣವನ್ನು ಜಾಹೀರಾತಿನಿಂದಲೇ ತುಂಬಿಸಬೇಕಾದರೆ ಒಂದು ಅವಧಿಗೆ ಸುಮಾರು 24 ಲಕ್ಷ ರೂ. ಬೇಕು. ಕ್ಯಾಮೆರಾ, ವೀಕ್ಷಕ ವಿವರಣೆಕಾರರು, ಸಿಬ್ಬಂದಿ, ಬಡ್ಡಿ ಇನ್ನೂ ಸೇರಿಲ್ಲ. ಚಂದಾ ಹಣ ಸ್ವಲ್ಪ ಭಾರ ಹೊರುತ್ತದೆ ನಿಜ. ಆದರೆ ಚಂದಾದಾರರು ಕಡಿಮೆಯಾಗುತ್ತಿರುವುದನ್ನು ಮೇಲೆಯೇ ನೋಡಿದೆವು.

ಲೆಕ್ಕಪತ್ರದ ನಿಯಮದಂತೆ ಈ ಹಕ್ಕಿನ ವೆಚ್ಚವನ್ನು ಪಂದ್ಯಗಳು ನಡೆದಂತೆಲ್ಲ ಲಾಭ-ನಷ್ಟ ಖಾತೆಗೆ ವರ್ಗಾಯಿಸಬೇಕು. ಒಪ್ಪಂದದಿಂದ ಬರಬಹುದಾದ ಆದಾಯಕ್ಕಿಂತ ತಪ್ಪಿಸಿಕೊಳ್ಳಲಾಗದ ವೆಚ್ಚವೇ ಹೆಚ್ಚೆಂದು ಕಂಡುಬಂದರೆ ಅದನ್ನು ಹೊರೆಯ ಒಪ್ಪಂದವೆಂದು ಪರಿಗಣಿಸಿ, ಮುಂದಿನ ವರ್ಷಗಳ ನಷ್ಟಕ್ಕೂ ಕೂಡಲೇ ಅವಕಾಶ ಕಲ್ಪಿಸಬೇಕು. 2023-24ರ ಲೆಕ್ಕದಲ್ಲಿ ಸ್ಟಾರ್ ಇಂಡಿಯಾ ಇಂತಹ ಒಪ್ಪಂದಕ್ಕಾಗಿ 12 ಸಾವಿರ ಕೋಟಿ ರೂ.ಗೂ ಮೀರಿದ ಅವಕಾಶ ಕಲ್ಪಿಸಿತು. ದೇಶದ ಅತಿದೊಡ್ಡ ಕ್ರೀಡಾ ಪ್ರಸಾರಕನ ಸ್ಥಿತಿಯೇ ಹೀಗಿರುವಾಗ ಹರಾಜಿನಲ್ಲಿ ಗೆದ್ದವನು ವ್ಯಾಪಾರದಲ್ಲಿಯೂ ಗೆದ್ದನೆಂದು ಹೇಳಲಾಗದು.

ಸಣ್ಣ ಪ್ರಸಾರಕನಿಗೆ ಈ ಅಪಾಯ ಇನ್ನೂ ಹೆಚ್ಚು. ನಿಂಬಸ್ ಸಂಸ್ಥೆಯು ಭಾರತ ತಂಡದ ಸ್ವದೇಶಿ ಪಂದ್ಯಗಳ ಹಕ್ಕನ್ನು ಪಡೆದು 2006ರಲ್ಲಿ ನಿಯೋ ಸ್ಪೋರ್ಟ್ಸ್ ವಾಹಿನಿಯನ್ನು ಆರಂಭಿಸಿತು. 2011ರ ಡಿಸೆಂಬರ್‌ನಲ್ಲಿ ಹಣ ಪಾವತಿಯ ಬಾಕಿಯ ಕಾರಣದಿಂದ ಕ್ರಿಕೆಟ್ ಮಂಡಳಿ ಒಪ್ಪಂದವನ್ನು ರದ್ದುಮಾಡಿತು. ಒಂದೇ ಒಪ್ಪಂದವನ್ನು ಕಂಬವಾಗಿಸಿಕೊಂಡ ಮನೆಗೆ ಆ ಕಂಬ ಜಾರಿದ ಮೇಲೆ ಆಸರೆಯಿಲ್ಲ. ನಮ್ಮ ಮಟ್ಟದಲ್ಲಿಯೂ ನೋಡಿ: ಕರ್ನಾಟಕ ಪ್ರೀಮಿಯರ್ ಲೀಗ್‌ನಲ್ಲಿ ಬಳ್ಳಾರಿ ಟಸ್ಕರ್ಸ್ ಎಂಬ ತಂಡವಿತ್ತು. ಆ ಪಂದ್ಯಾವಳಿ 2019ರ ಬಳಿಕ ನಿಂತಿತು. 2022ರಲ್ಲಿ ಅದರ ಜಾಗಕ್ಕೆ ಬಂದ ಮಹಾರಾಜ ಟ್ರೋಫಿಯ ತಂಡಗಳಲ್ಲಿ ಬಳ್ಳಾರಿಯ ಹೆಸರಿರಲಿಲ್ಲ. ಕ್ರೀಡಾ ಹಕ್ಕೆಂಬುದು ಅವಧಿ ಮುಗಿಯುವ ಗುತ್ತಿಗೆಯೇ ಹೊರತು ಸ್ವಂತ ಆಸ್ತಿಯಲ್ಲ.

ಜಾಹೀರಾತುದಾರರು ಒಂದೇ ವಲಯದವರಾದರೂ ಅಪಾಯವೇ. ಕ್ರಿಕೆಟ್ ಪ್ರಸಾರದಲ್ಲಿ ಹಣ ಕಟ್ಟಿ ಆಡುವ ಆನ್‌ಲೈನ್ ಆಟದ ಕಂಪನಿಗಳು ದೊಡ್ಡ ಜಾಹೀರಾತುದಾರರಾಗಿದ್ದವು. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯಿದೆಯು ಅಂತಹ ಆಟಗಳನ್ನೂ ಅವುಗಳ ಜಾಹೀರಾತನ್ನೂ ನಿಷೇಧಿಸಿತು. ಭಾರತ ತಂಡದ ಅಂಗಿಯ ಮೇಲಿನ ಪ್ರಾಯೋಜಕರೇ ಬದಲಾಗಬೇಕಾಯಿತು. ಒಬ್ಬನೇ ಖರೀದಿದಾರನಿಗೆ ಮಾಲು ಹಾಕುವ ಜೀನ್ಸ್ ಘಟಕದವರಿಗೆ ಈ ಮಾತು ಚೆನ್ನಾಗಿ ಅರ್ಥವಾಗುತ್ತದೆ.

ಒಡೆತನದ ದಿಕ್ಕು

ಸುದ್ದಿ ಮತ್ತು ಕ್ರೀಡೆಯನ್ನು ಒಂದೇ ಕಂಪನಿಯಲ್ಲಿ ಇಟ್ಟುಕೊಳ್ಳುವುದಕ್ಕೆ ಕಾನೂನಿನ ತೊಡಕೂ ಇದೆ. ಸುದ್ದಿ ವಾಹಿನಿಯಲ್ಲಿ ವಿದೇಶಿ ನೇರ ಬಂಡವಾಳ 2015ರವರೆಗೆ 26 ಶೇಕಡಾ ಮೀರುವಂತಿರಲಿಲ್ಲ. ಆ ವರ್ಷ ಸರ್ಕಾರದ ಅನುಮತಿಯೊಂದಿಗೆ 49 ಶೇಕಡಾ ಎಂದಾಯಿತು. ಕ್ರೀಡೆ ಹಾಗೂ ಮನರಂಜನೆಗೆ 100 ಶೇಕಡಾ ಅವಕಾಶವಿದೆ. ಹೀಗಾಗಿ ದೊಡ್ಡ ಬಂಡವಾಳ ಬೇಕಾದ ಕ್ರೀಡೆ ಒಂದು ಕಂಪನಿಗೆ, ಸುದ್ದಿ ಮತ್ತೊಂದು ಕಂಪನಿಗೆ ಸೇರುವುದು ಸಹಜ.

2024ರ ನವೆಂಬರ್ 14ರಂದು ಪೂರ್ಣಗೊಂಡ ರಿಲಯನ್ಸ್–ಡಿಸ್ನಿ ವಿಲೀನದಲ್ಲಿ ಇದು ಸ್ಪಷ್ಟವಾಗಿ ಕಂಡಿತು. 70,352 ಕೋಟಿ ರೂ. ಮೌಲ್ಯದ ಆ ಜಂಟಿ ಉದ್ಯಮಕ್ಕೆ ರಿಲಯನ್ಸ್ 11,500 ಕೋಟಿ ರೂ. ಹೂಡಿತು. ಸ್ಟಾರ್ ಸುವರ್ಣ, ಕಲರ್ಸ್ ಕನ್ನಡ ಹಾಗೂ 2018ರಲ್ಲಿ ಆರಂಭವಾದ ಸ್ಟಾರ್ ಸ್ಪೋರ್ಟ್ಸ್ ಕನ್ನಡ ಒಂದೇ ಸೂರಿನಡಿ ಬಂದವು. ಐಪಿಎಲ್‌ನ ಟಿ.ವಿ. ಹಾಗೂ ಡಿಜಿಟಲ್ ಹಕ್ಕುಗಳೂ ಒಂದೇ ಕೈಗೆ ಸೇರಿದವು. ಸುದ್ದಿ ವಾಹಿನಿಗಳು ಮಾತ್ರ ನೆಟ್‌ವರ್ಕ್18 ಕಂಪನಿಯಲ್ಲಿಯೇ ಉಳಿದವು. 2022ರಲ್ಲಿ ಪರಸ್ಪರ ಸ್ಪರ್ಧಿಸಿ ಬೆಲೆ ಏರಿಸಿದ ಇಬ್ಬರು 2024ರಲ್ಲಿ ಒಂದಾದರು. ಮಂಡಿಯಲ್ಲಿ ಇಬ್ಬರು ದಲಾಲರು ಒಂದಾದರೆ ಏನಾಗುತ್ತದೆಂದು ರೈತನಿಗೂ ಗೊತ್ತು, ಖರೀದಿದಾರನಿಗೂ ಗೊತ್ತು. ಈ ಕಾರಣದಿಂದಲೇ ಕ್ರಿಕೆಟ್ ಜಾಹೀರಾತಿನ ಅವಧಿಗಳನ್ನು ಗಂಟುಕಟ್ಟಿ ಮಾರುವುದಿಲ್ಲವೆಂದು ಎರಡೂ ಕಡೆಯವರು ಸ್ಪರ್ಧಾ ಆಯೋಗದ ಮುಂದೆ ಒಪ್ಪಿಕೊಳ್ಳಬೇಕಾಯಿತು.

ಒಡೆತನವು ಸಾಲದ ಕರಾರಿನ ಮೂಲಕವೂ ಕೈ ಬದಲಾಯಿಸಬಹುದು. ಎನ್‌ಡಿಟಿವಿಯ ಸಂಸ್ಥಾಪಕರ ಹಿಡುವಳಿ ಕಂಪನಿಯು 2009-10ರಲ್ಲಿ 403.85 ಕೋಟಿ ರೂ. ಸಾಲ ಪಡೆದಿತ್ತು. ಆ ಸಾಲವನ್ನು ಷೇರುಗಳನ್ನಾಗಿ ಪರಿವರ್ತಿಸಿಕೊಳ್ಳುವ ಹಕ್ಕು ಸಾಲ ಕೊಟ್ಟ ಕಂಪನಿಗಿತ್ತು. 2022ರ ಆಗಸ್ಟ್‌ನಲ್ಲಿ ಆ ಸಾಲ ಕೊಟ್ಟ ಕಂಪನಿಯನ್ನು ಅದಾನಿ ಸಮೂಹ ಕೊಂಡು, ಹಕ್ಕನ್ನು ಚಲಾಯಿಸಿ, ವಾಹಿನಿಯ 29.18 ಶೇಕಡಾ ಪಾಲಿನ ಮೇಲೆ ಹಿಡಿತ ಪಡೆಯಿತು. ವರ್ಷ ಮುಗಿಯುವುದರೊಳಗೆ ವಾಹಿನಿಯ ನಿಯಂತ್ರಣವೇ ಅದರ ಕೈಸೇರಿತು. ಪರಿವರ್ತನೆಯ ಷರತ್ತುಳ್ಳ ಸಾಲಪತ್ರಕ್ಕೆ ಸಹಿ ಹಾಕುವ ಮುನ್ನ ನಮ್ಮ ಸಣ್ಣ ಉದ್ಯಮಿಗಳೂ ಈ ಪ್ರಕರಣವನ್ನು ನೆನೆಯಬೇಕು.

ಮುಂದಿನ ಐದು ವರ್ಷ

ಮೇಲಿನ ಸಂಗತಿಗಳಿಂದ ನಾನು ಕಂಡುಕೊಂಡ ಅಭಿಪ್ರಾಯ ಇಷ್ಟು. ಸುದ್ದಿ ಮತ್ತು ಕ್ರೀಡೆ ಎರಡೂ ನಡೆಯುತ್ತಿರುವಾಗಲೇ ನೋಡಬೇಕಾದವು. ಧಾರಾವಾಹಿಯನ್ನು ನಾಳೆ ನೋಡಬಹುದು, ಮತ ಎಣಿಕೆಯನ್ನೂ ಕೊನೆಯ ಓವರನ್ನೂ ನಾಳೆ ನೋಡುವವರು ವಿರಳ. 2025ರ ಜೂನ್ 3ರಂದು ರಾಯಲ್ ಚಾಲೆಂಜರ್ಸ್ ಬೆಂಗಳೂರು ಮೊದಲ ಬಾರಿಗೆ ಐಪಿಎಲ್ ಗೆದ್ದ ರಾತ್ರಿ ನಮ್ಮ ರಾಯಲ್ ಸರ್ಕಲ್ ಸುತ್ತಲಿನ ಅಂಗಡಿಗಳಲ್ಲಿ ಗಿರಾಕಿಗಳಿಗಿಂತ ಟಿ.ವಿ. ನೋಡುವವರೇ ಹೆಚ್ಚಿದ್ದರು. ವೀಕ್ಷಕರು ಎಲ್ಲಿಯೂ ಹೋಗಿಲ್ಲ. ಆದುದರಿಂದ ಈ ವ್ಯಾಪಾರ ಅಳಿಯುವುದಿಲ್ಲ. ಆದರೆ ಅದನ್ನು ನಡೆಸುವ ಕಂಪನಿಗಳ ಸಂಖ್ಯೆ ಕಡಿಮೆಯಾಗುತ್ತದೆ.

ಕ್ರೀಡೆಯಲ್ಲಿ, ದೀರ್ಘಕಾಲ ನಷ್ಟ ತಾಳಬಲ್ಲ ಹಾಗೂ ಪ್ರಸಾರದ ಜತೆಗೆ ಮೊಬೈಲ್ ಜಾಲವನ್ನೋ ಬೇರೆ ವ್ಯವಹಾರವನ್ನೋ ಹೊಂದಿರುವ ಒಂದೆರಡು ಸಮೂಹಗಳೇ ಉಳಿಯುವ ಸಂಭವ ಹೆಚ್ಚು. 2027ರ ಬಳಿಕದ ಐಪಿಎಲ್ ಹಕ್ಕಿನ ಹರಾಜು ಇದರ ಮುಖ್ಯ ಸೂಚಕ. ಸ್ಪರ್ಧಿಗಳು ಕಡಿಮೆಯಾದರೆ ಹಕ್ಕಿನ ಬೆಲೆ ಇಳಿಯಬಹುದು; ಆದರೆ ಜಾಹೀರಾತಿನ ದರ ಇಳಿಯುತ್ತದೆಂದು ನಂಬಬೇಕಾಗಿಲ್ಲ. ಸುದ್ದಿಯಲ್ಲಿ, ವೆಚ್ಚವನ್ನು ಹಿಡಿತದಲ್ಲಿಟ್ಟು ಅಂತರ್ಜಾಲದಲ್ಲಿಯೂ ಗಳಿಸುವ ಮೂರು ನಾಲ್ಕು ವಾಹಿನಿಗಳು ಸ್ವಂತ ಬಲದಿಂದ ನಿಲ್ಲಬಹುದು. ಉಳಿದವು ಮಾಲೀಕನ ಇಚ್ಛೆ ಇರುವಷ್ಟು ದಿನ ನಡೆಯುತ್ತವೆ. ಸುದ್ದಿ ವಾಹಿನಿ ಆರಂಭಿಸಲು ಕೇಂದ್ರ ಸರ್ಕಾರ ಕೇಳುವ ನಿವ್ವಳ ಸಂಪತ್ತು 20 ಕೋಟಿ ರೂ. ಆರಂಭಿಸುವ ಅರ್ಹತೆಗೆ ಅದು ಸಾಕು, ಐದು ವರ್ಷ ನಡೆಸುವುದಕ್ಕೆ ಸಾಲದು.

ನಮ್ಮ ಸದಸ್ಯರು ಮಾಡಬೇಕಾದದ್ದು

ಮೊದಲನೆಯದಾಗಿ, ಕಂಪನಿಯ ಅಢಾವೆ ಪತ್ರಿಕೆಯನ್ನು ನೋಡಿ. ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ ಅಲ್ಪ ಶುಲ್ಕ ಕಟ್ಟಿ ಯಾವುದೇ ಕಂಪನಿಯ ವಾರ್ಷಿಕ ಲೆಕ್ಕಪತ್ರವನ್ನು ಯಾರು ಬೇಕಾದರೂ ಪರಿಶೀಲಿಸಬಹುದು. ಮೂರು ಅಂಶಗಳು ಸಾಕು: ಮೂರು ವರ್ಷಗಳಿಂದ ಸತತ ನಷ್ಟವಿದೆಯೇ, ನಿರ್ದೇಶಕರಿಂದ ಅಥವಾ ಸೋದರ ಕಂಪನಿಗಳಿಂದ ಪಡೆದ ಸಾಲ ಬೆಳೆಯುತ್ತಿದೆಯೇ, ಲೆಕ್ಕಪರಿಶೋಧಕರು ಕಂಪನಿ ಮುಂದುವರಿಯುವ ಸಾಮರ್ಥ್ಯದ ಬಗ್ಗೆ ಸಂದೇಹ ಸೂಚಿಸಿದ್ದಾರೆಯೇ. ಆಸ್ತಿಗಳ ಮೇಲೆ ಬ್ಯಾಂಕುಗಳ ಹಕ್ಕು ಎಷ್ಟಿದೆ ಎಂಬುದೂ ಅಲ್ಲಿಯೇ ಸಿಗುತ್ತದೆ.

ಎರಡನೆಯದಾಗಿ, ವರ್ಷದ ಹಣವನ್ನು ಒಮ್ಮೆಗೇ ಕಟ್ಟಬೇಡಿ. ಮೂರು ತಿಂಗಳ ಕಂತು ಮಾಡಿಕೊಳ್ಳಿ. ಪ್ರತಿ ಕಂತಿಗೂ ಮುನ್ನ ಹಿಂದಿನ ಅವಧಿಯ ಪ್ರಸಾರ ಪ್ರಮಾಣಪತ್ರವನ್ನು ಕೇಳಿ; ಯಾವ ದಿನ, ಯಾವ ಹೊತ್ತಿಗೆ ಜಾಹೀರಾತು ಪ್ರಸಾರವಾಯಿತೆಂಬ ವಿವರ ಅದರಲ್ಲಿರಬೇಕು. ಕಂಪನಿ ದಿವಾಳಿಯಾದರೆ, ಮುಂಗಡ ಕಟ್ಟಿದವನೂ ವ್ಯವಹಾರದ ಧನಿಯೇ ಎಂದು ಸರ್ವೋಚ್ಚ ನ್ಯಾಯಾಲಯ 2022ರಲ್ಲಿ ಹೇಳಿದೆ. ಆದರೆ ದಿವಾಳಿತನ ಸಂಹಿತೆಯಡಿ ಪ್ರಕ್ರಿಯೆ ಆರಂಭಿಸಲು ಬಾಕಿ ಕನಿಷ್ಠ 1 ಕೋಟಿ ರೂ. ಇರಬೇಕೆಂದು 2020ರ ಮಾರ್ಚ್‌ನಲ್ಲಿ ಮಿತಿ ಏರಿಸಲಾಯಿತು. ನಮ್ಮ 8–10 ಲಕ್ಷದ ಬಾಕಿಗೆ ಆ ಬಾಗಿಲು ತೆರೆಯದು. ಬೇರೆಯವರು ಆರಂಭಿಸಿದ ಪ್ರಕ್ರಿಯೆಯಲ್ಲಿ ಹಕ್ಕು ಮಂಡಿಸಿದರೂ ಭದ್ರತೆ ಪಡೆದ ಬ್ಯಾಂಕುಗಳು ಮತ್ತು ಕಾರ್ಮಿಕರ ಬಳಿಕವೇ ನಮ್ಮ ಸರದಿ.

ಮೂರನೆಯದಾಗಿ, ತೆರಿಗೆಯ ನಿಜವಾದ ಹೊರೆಯನ್ನು ಲೆಕ್ಕಹಾಕಿ. ಟಿ.ವಿ. ಜಾಹೀರಾತಿಗೆ 18 ಶೇಕಡಾ ಜಿಎಸ್‌ಟಿ ಇದೆ. 10 ಲಕ್ಷದ ಮುಂಗಡಕ್ಕೆ 1.80 ಲಕ್ಷ ಸೇರಿ 11.80 ಲಕ್ಷ ಕಟ್ಟಬೇಕು. ಸೇವೆ ದೊರೆತು ತೆರಿಗೆ ಇನ್‌ವಾಯ್ಸ್ ಬರುವವರೆಗೆ ಆ ತೆರಿಗೆಯ ಇನ್‌ಪುಟ್ ಜಮೆ ಸಿಗುವುದಿಲ್ಲ. ನಾಲ್ಕು ತಿಂಗಳಲ್ಲಿ ವಾಹಿನಿ ಮುಚ್ಚಿದರೆ ತೆರಿಗೆಯೂ ಸೇರಿ ಸುಮಾರು 7.87 ಲಕ್ಷ ಸಿಕ್ಕಿಬೀಳುತ್ತದೆ.

ನಮ್ಮ ಜಿಲ್ಲೆಯ ಉದ್ಯಮಗಳಿಗೆ ಇನ್ನೊಂದು ತೊಡಕಿದೆ. 2025ರ ಸೆಪ್ಟೆಂಬರ್ 22ರಿಂದ 2,500 ರೂ.ವರೆಗಿನ ಸಿದ್ಧ ಉಡುಪಿಗೆ 5 ಶೇಕಡಾ ತೆರಿಗೆ. ಮಾರಾಟದ ಮೇಲೆ 5 ಶೇಕಡಾ ಕಟ್ಟುವ ಜೀನ್ಸ್ ತಯಾರಕರಲ್ಲಿ ಜಾಹೀರಾತಿನ 18 ಶೇಕಡಾ ಜಮೆ ಬಳಕೆಯಾಗದೆ ಉಳಿಯಬಹುದು. ತಲೆಕೆಳಗಾದ ತೆರಿಗೆ ದರದ ಆಧಾರದ ಮೇಲೆ ಮರುಪಾವತಿ ಕೇಳುವಾಗ ಸೇವೆಗಳ ಜಮೆ ಲೆಕ್ಕಕ್ಕೆ ಬರುವುದಿಲ್ಲ. ಸರ್ವೋಚ್ಚ ನ್ಯಾಯಾಲಯ 2021ರ ಸೆಪ್ಟೆಂಬರ್‌ನಲ್ಲಿ ಈ ನಿಯಮವನ್ನು ಎತ್ತಿಹಿಡಿಯಿತು. 25 ಕಿಲೋಗೂ ಹೆಚ್ಚು ತೂಕದ ಚೀಲಗಳಲ್ಲಿ ಅಕ್ಕಿ ಮಾರುವ ಸಿರುಗುಪ್ಪ, ಕುರುಗೋಡಿನ ಗಿರಣಿಗಳಿಗೆ ಮಾರಾಟವೇ ತೆರಿಗೆಮುಕ್ತವಾದ್ದರಿಂದ ಜಮೆಯ ಪ್ರಶ್ನೆಯೇ ಇಲ್ಲ. ಅವರಿಗೆ 10 ಲಕ್ಷದ ಜಾಹೀರಾತಿನ ಅಸಲು ನೇರವಾಗಿ 11.80 ಲಕ್ಷ.

ನಾಲ್ಕನೆಯದಾಗಿ, ನಿಮ್ಮ ಗಿರಾಕಿ ಎಲ್ಲಿದ್ದಾನೆಂದು ಕೇಳಿಕೊಳ್ಳಿ. ರಾಜ್ಯಮಟ್ಟದ ವಾಹಿನಿಯ ದರದಲ್ಲಿ ಬೀದರ್‌ನಿಂದ ಚಾಮರಾಜನಗರದವರೆಗಿನ ವೀಕ್ಷಕರ ಬೆಲೆ ಸೇರಿದೆ. ಬಳ್ಳಾರಿಯ ಚಿಲ್ಲರೆ ಅಂಗಡಿಗೆ ಅವರಲ್ಲಿ ಬಹುಪಾಲು ನಿರುಪಯೋಗಿ. ಮೇಲಾಗಿ ನಮ್ಮಲ್ಲಿ ಅನೇಕ ಮನೆಗಳು ಕನ್ನಡದಷ್ಟೇ ತೆಲುಗು ವಾಹಿನಿಗಳನ್ನೂ ನೋಡುತ್ತವೆ. ಆದವಾನಿ, ಗುಂತಕಲ್ ಕಡೆಯ ಗಿರಾಕಿಗಳು ಕನ್ನಡ ವಾಹಿನಿಯನ್ನು ನೋಡುವುದು ಕಡಿಮೆ. ಸ್ಥಳೀಯ ಕೇಬಲ್ ವಾಹಿನಿ ಅಥವಾ ಊರನ್ನು ಆರಿಸಿಕೊಳ್ಳಬಹುದಾದ ಅಂತರ್ಜಾಲ ಜಾಹೀರಾತು ಇಂಥವರಿಗೆ ಹೆಚ್ಚು ಸೂಕ್ತ. ರಾಜ್ಯದಾದ್ಯಂತ ವಿತರಕರನ್ನು ಹೊಂದಿರುವ ಬ್ರಾಂಡಿಗೆ ಮಾತ್ರ ದೊಡ್ಡ ವಾಹಿನಿಯ ದರ ಹೊಂದೀತು.

ಕೌಲ್ ಬಜಾರಿನ ನಮ್ಮ ಉದ್ಯಮಿ ಸುದ್ದಿ ವಾಹಿನಿಯವರೊಡನೆ ಮತ್ತೆ ಮಾತನಾಡಿ ರಿಯಾಯಿತಿಯಲ್ಲಿ ಒಂದು ಭಾಗವನ್ನು ಬಿಟ್ಟುಕೊಟ್ಟು ಮೂರು ತಿಂಗಳ ಕಂತಿಗೆ ಒಪ್ಪಿಸಿದರು. ಉಳಿದ ಹಣದ ಒಂದಂಶವನ್ನು ಕ್ರಿಕೆಟ್ ಋತುವಿಗೆ ಕಾಯ್ದಿರಿಸಿದ್ದಾರೆ. ಮೊದಲ ಕಂತಿನ ಪ್ರಸಾರ ಪ್ರಮಾಣಪತ್ರ ಬಂದ ಮೇಲಷ್ಟೇ ಎರಡನೆಯ ಚೆಕ್ ಬರೆಯುವುದಾಗಿ ತಿಳಿಸಿದ್ದಾರೆ. ಅವರ ಪ್ರಶ್ನೆಗೆ ನಾನು ಕೊಟ್ಟ ಉತ್ತರವೂ ಅದೇ ಆಗಿತ್ತು: ಕಂಪನಿ ಮುಂದಿನ ವರ್ಷ ಇರಬಹುದು, ಇಲ್ಲದೆಯೂ ಇರಬಹುದು, ಇಲ್ಲದಿದ್ದರೆ ಮೂರು ತಿಂಗಳಿಗಿಂತ ಹೆಚ್ಚಿನ ಹಣ ನಿಮ್ಮದು ಅಲ್ಲಿರಬಾರದು. ಇಂತಹ ಪ್ರಸ್ತಾವನೆ ಬಂದ ಸದಸ್ಯರು ಸಹಿ ಹಾಕುವ ಮುನ್ನ ತಮ್ಮ ಲೆಕ್ಕಪರಿಶೋಧಕರಿಗೆ ಕರಾರನ್ನು ಒಮ್ಮೆ ತೋರಿಸಬೇಕೆಂದು ವಿನಂತಿಸುತ್ತೇನೆ.